‘ರಿಪೇರಿ ಬೇಡದ ರಸ್ತೆ’ಯ ಲೇಖಕರಿಗೆ

ಪ್ರಿಯ ಲೇಖಕರೇ,

ಒಳನಾಡಿನ ಜಲಸಾರಿಗೆಯ ಬಗೆಗಿನ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಶ್ರಮ ಕಾಣುತ್ತದೆ. ಆದರೆ ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ನಿಮ್ಮ ಎರಡು ವಾಕ್ಯಗಳು ಊಟಕ್ಕೆ ಕುಳಿತಾಗಲೂ ನನ್ನನ್ನು ಬಿಡಲಿಲ್ಲ.

ಮೊದಲನೆಯದು: ‘ಗಂಗೆ ದೇವರೇ ಹಾಕಿಕೊಟ್ಟ ರಸ್ತೆ, ಡಾಂಬರು ಬೇಡ, ರಿಪೇರಿ ಬೇಡ.’ ಡಾಂಬರಿನ ಮಾತು ಒಪ್ಪಿದೆ. ‘ರಿಪೇರಿ ಬೇಡ’ ಎಂಬಲ್ಲಿ ಪೆನ್ಸಿಲ್ ಮೊನೆ ಮುರಿಯಿತು. ಬಂಗಾಳದ ಹಲ್ದಿಯಾ ಬಂದರಿನಿಂದ ಪ್ರಯಾಗದವರೆಗಿನ 1620 ಕಿ.ಮೀ. ಹರಿವು 1986ರಲ್ಲೇ ಮೊದಲ ರಾಷ್ಟ್ರೀಯ ಜಲಮಾರ್ಗವಾಯಿತು. ಹಿಮಾಲಯದ ಮಣ್ಣು ಹೊತ್ತು ತರುವ ಆ ನದಿ, ಕಳೆದ ವರ್ಷ ಹಡಗು ಹೋದ ಜಾಗದಲ್ಲಿ ಈ ವರ್ಷ ಮರಳದಿಬ್ಬ ಎಬ್ಬಿಸಿರುತ್ತದೆ. ನೀರು ಇಳಿಯುವ ಕಾಲಕ್ಕೆ ಬಿದಿರ ತಟ್ಟಿಗಳನ್ನು ಓರೆಯಾಗಿ ನೆಟ್ಟು ಹರಿವನ್ನು ಒಂದೇ ಕವಲಿಗೆ ತಿರುಗಿಸುತ್ತಾರೆ. ಆ ರಭಸವೇ ತಳದ ಮರಳನ್ನು ಕೊರೆದು ಹಡಗಿಗೆ ಆಳ ಮಾಡಿಕೊಡುತ್ತದೆ. ಮುಂದಿನ ಮಳೆಗೆ ತಟ್ಟಿಯೂ ಹೋಯಿತು, ಆಳವೂ ಹೋಯಿತು. ಇದು ರಿಪೇರಿಯಲ್ಲದೆ ಮತ್ತೇನು? ಲಾರಿಯವನಿಗೆ ರಸ್ತೆ ನಾಳೆಯೂ ಅಲ್ಲೇ ಇರುತ್ತದೆ. ಸರಕಿನ ಯಜಮಾನ ಹಡಗನ್ನು ನಂಬದಿರುವುದು ಅದಕ್ಕೇ.

ಎರಡನೆಯದು: ‘111 ಜಲಮಾರ್ಗಗಳು ದೇಶದ ಸರಕು ಸಾಗಿಸುತ್ತಿವೆ.’ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಅಷ್ಟು ಹೆಸರುಗಳಿರುವುದು ನಿಜ. ‘ಸಾಗಿಸುತ್ತಿವೆ’ ಎಂಬ ಕ್ರಿಯಾಪದ ಎಲ್ಲಿಂದ ಬಂತು? ಆ ಪಟ್ಟಿಯಲ್ಲಿ ನಮ್ಮ ಮಲಪ್ರಭೆಯೂ ಇದ್ದಾಳೆ. ಏಪ್ರಿಲ್‌ನಲ್ಲಿ ಅವಳ ದಡದಲ್ಲಿ ಒಂದು ದಿನ ಕುಳಿತು, ಎಷ್ಟು ಹಡಗು ಬಂದವೆಂದು ಬರೆಯಿರಿ.

ನಾನೂ ಇದೇ ತಪ್ಪು ಮಾಡಿದವನು. ಹೊಸದಾಗಿ ಪತ್ರಿಕೆ ಸೇರಿದಾಗ ಶರಾವತಿ ಹಿನ್ನೀರಿನ ಲಾಂಚ್ ಬಗ್ಗೆ, ಸಾಗರ ಪಟ್ಟಣದ ರಸ್ತೆಯನ್ನೂ ಕಾಣದೆ, ‘ಬಸ್ಸುಗಳನ್ನೇ ಹೊತ್ತು ನಿರಾಯಾಸವಾಗಿ ತೇಲುತ್ತದೆ’ ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರು ಹಾಳೆ ಹಿಂದಕ್ಕೆ ಕೊಟ್ಟು, ‘ಮೇ ತಿಂಗಳಲ್ಲೂ?’ ಎಂದರು. ಮತ್ತೇನೂ ಹೇಳಲಿಲ್ಲ. ಸಿಟ್ಟಿನಿಂದಲೇ ಲಾಂಚ್ ಹತ್ತುವ ಹೊಳೆಬಾಗಿಲಿಗೆ ಹೋದೆ. ನೀರು ಬಹುದೂರ ಇಳಿದಿತ್ತು, ದಡದ ಕೆಸರು ಒಣಗಿ ಬಿರಿದಿತ್ತು. ಜೀಪುಗಳನ್ನು ಹತ್ತಿಸುತ್ತಿರಲಿಲ್ಲ. ತಲೆಯ ಮೇಲಿನ ಅಕ್ಕಿ ಮೂಟೆ ಇಳಿಸಿದ ಒಬ್ಬ ಮುದುಕ ನನ್ನ ನೋಟ್‌ಬುಕ್ ನೋಡಿ, ‘ಆಳ ಎಷ್ಟಿದೆ ಅಂತ ಬರೆದುಕೊಂಡಿರಾ?’ ಎಂದು ಕೇಳಿದ. ಬರೆದುಕೊಂಡಿರಲಿಲ್ಲ.

ಮಲಪ್ರಭೆಯಿಂದ ಬಂದ ಮೇಲೆ ಕಳಿಸಿ, 800 ಪದ ಸಾಕು. ಸೂರ್ಯಾಸ್ತದ ಆ ದೋಣಿಯ ಚಿತ್ರ ಮಾತ್ರ ಬೇಡ.

ಇತಿ,
ಸಂಪಾದಕ