ಕೀಟನಾಶಕದ ಅಣುವಿಗೆ ದೀಪ ಕಟ್ಟಿದ ಮೇಲೆ

ಪ್ರಶ್ನೆ: ಕೀಟನಾಶಕದ ಅಣುವಿಗೆ ಹೊಳೆಯುವ ಬಣ್ಣವೊಂದನ್ನು ಜೋಡಿಸಿ, ಅದು ಕೀಟದ ದೇಹದಲ್ಲಿ ಎಲ್ಲಿ ಹೋಗಿ ಅಂಟುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಬಣ್ಣ ಸೇರಿಸಿದ ಮೇಲೆ ಅದು ಮೊದಲಿನ ಅಣುವೇ ಅಲ್ಲವಲ್ಲ? ಹಾಗಿರುವಾಗ ಕಂಡದ್ದನ್ನು ನಂಬುವುದು ಹೇಗೆ?

ಉತ್ತರ: ಈ ಕ್ಷೇತ್ರದಲ್ಲಿ ದುಡಿಯುವವರನ್ನು ಹೆಚ್ಚು ಕಾಡುವ ಪ್ರಶ್ನೆಯೂ ಇದೇ. 1991ರಲ್ಲಿ ಮಾರುಕಟ್ಟೆಗೆ ಬಂದ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಅಣುತೂಕ ಸುಮಾರು 256. ಸಾಮಾನ್ಯವಾಗಿ ಬಳಸುವ ಫ್ಲೋರೆಸೀನ್ ಬಣ್ಣದ್ದು 332. ಆಳಿಗಿಂತ ಹೊರೆಯೇ ದೊಡ್ಡದು! ಹೀಗಾಗಿ ಬಣ್ಣ ಯಾವುದು ಎನ್ನುವುದಕ್ಕಿಂತ ಅದನ್ನು ಅಣುವಿನ ಯಾವ ತುದಿಗೆ, ಎಷ್ಟು ಉದ್ದದ ಕೊಂಡಿಯಿಂದ ಕಟ್ಟಬೇಕು ಎನ್ನುವುದೇ ಮುಖ್ಯವಾಗುತ್ತದೆ.

ಇಮಿಡಾಕ್ಲೋಪ್ರಿಡ್ ಹೋಗಿ ಕೂರುವುದು ಕೀಟದ ನರಕೋಶಗಳಲ್ಲಿರುವ ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಿಯ, ಅಂದರೆ ನರಸಂದೇಶವನ್ನು ಹಿಡಿಯುವ ಪ್ರೋಟೀನಿನ, ಒಂದು ಸಣ್ಣ ಕುಳಿಯಲ್ಲಿ. ಅದರ ಕ್ಲೋರಿನ್ ಹೊತ್ತ ಉಂಗುರವೂ ನೈಟ್ರೋ ಗುಂಪೂ ಆ ಕುಳಿಯೊಳಗೆ ಹಿಡಿತ ಸಾಧಿಸುವ ಭಾಗಗಳಾದ್ದರಿಂದ ಅವನ್ನು ಮುಟ್ಟುವಂತಿಲ್ಲ. ಹೊರಕ್ಕೆ ಮುಖ ಮಾಡಿರುವ ಜಾಗವನ್ನು ಹುಡುಕಬೇಕು. ಈ ಹುಡುಕಾಟಕ್ಕೆ ನೆರವಾದದ್ದು ಕೀಟವಲ್ಲ, ಬಸವನಹುಳು ಎಂಬುದು ಸ್ವಾರಸ್ಯ: ಅದರಲ್ಲಿರುವ, ಈ ಗ್ರಾಹಿಯನ್ನು ಹೋಲುವ ಪ್ರೋಟೀನನ್ನು ಹರಳುಗಟ್ಟಿಸಿ, ಕೀಟನಾಶಕ ಅದರಲ್ಲಿ ಹೇಗೆ ಕೂರುತ್ತದೆಂದು ಎಕ್ಸ್-ಕಿರಣಗಳಿಂದ ತಿಳಿಯಲಾಯಿತು.

ಆದರೂ ತಯಾರಾದ ಅಣುವನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಇಲ್ಲಿ ತೀರ್ಪುಗಾರನಾಗಿ ನಿಲ್ಲುವುದು ಹಳೆಯ ವಿಕಿರಣ ವಿಧಾನ. ಹೈಡ್ರೋಜನ್ ಬದಲು ಅದರದೇ ವಿಕಿರಣಶೀಲ ರೂಪವಾದ ಟ್ರಿಟಿಯಂ ಇಟ್ಟ ಕೀಟನಾಶಕದ ಆಕಾರ ಬದಲಾಗುವುದಿಲ್ಲ. ಗ್ರಾಹಿಗೆ ಅಂಟಿದ ಅಂತಹ ಅಣುಗಳನ್ನು ಬಣ್ಣ ಕಟ್ಟಿದ ಹೊಸ ಅಣು, ಅಂದರೆ ಶೋಧಕ ಅಣು, ಎಷ್ಟು ಕಡಿಮೆ ಪ್ರಮಾಣದಲ್ಲಿ ಹೊರದೂಡಬಲ್ಲದು ಎಂಬುದರಿಂದ ಅದರ ಹಿಡಿತವನ್ನು ಅಳೆಯುತ್ತಾರೆ. ಹಿಡಿತ ಸಾವಿರ ಪಟ್ಟು ಕುಸಿದಿದ್ದರೆ ಅದೆಷ್ಟೇ ಚೆನ್ನಾಗಿ ಹೊಳೆದರೂ ಪ್ರಯೋಜನವಿಲ್ಲ.

ಹೊಳಪು ಕೂಡ ಮೋಸ ಮಾಡಬಹುದು. ಜಿರಲೆಯ ನರಹುರಿಯ ತೆಳುವಾದ ಸೀಳಿನ ಮೇಲೆ ನೀಲಿ ಬೆಳಕು ಬಿಟ್ಟಾಗ ಫ್ಲೋರೆಸೀನ್ ಹಸಿರಾಗಿ ಬೆಳಗುವುದು ನಿಜವೇ ಆದರೂ, ಏನನ್ನೂ ಹಾಕದ ಕೀಟದ ಹೊರಪೊರೆಯೂ ತಾನಾಗಿಯೇ ಮಿನುಗುತ್ತದೆ, ಎಣ್ಣೆಯ ಗುಣವುಳ್ಳ ಬಣ್ಣಗಳು ಕೊಬ್ಬಿಗೆ ಸುಮ್ಮನೆ ಮೆತ್ತಿಕೊಳ್ಳುತ್ತವೆ. ಆದ್ದರಿಂದ ಜೊತೆಯ ಇನ್ನೊಂದು ಸೀಳಿಗೆ ಬಣ್ಣವಿಲ್ಲದ ಕೀಟನಾಶಕವನ್ನು ಧಾರಾಳವಾಗಿ ಮೊದಲೇ ಉಣಿಸಿ, ಆಮೇಲೆ ಶೋಧಕ ಅಣುವನ್ನು ಹಾಕುತ್ತಾರೆ. ಕುಳಿಗಳೆಲ್ಲ ಭರ್ತಿಯಾಗಿರುವ ಆ ಸೀಳಿನಲ್ಲಿ ಆರಿಹೋದ ಹೊಳಪಷ್ಟೇ ನಿಜವಾದದ್ದು, ಉಳಿದುಕೊಂಡದ್ದು ಹುಸಿ.

ಇಷ್ಟನ್ನೂ ದಾಟಿದ ಅಣು ಎಲ್ಲಿ ಅಂಟುತ್ತದೆ ಎಂದು ತೋರಿಸಿದರೆ ನಾನು ನಂಬುತ್ತೇನೆ. ಆದರೆ ಸಿಂಪಡಿಸಿದ ಕೀಟನಾಶಕ ಹೊರಪೊರೆಯನ್ನು ದಾಟಿ ನರದವರೆಗೆ ಹೇಗೆ ಸಾಗಿತು ಎಂಬ ವಿಚಾರದಲ್ಲಿ ಅದರ ಸಾಕ್ಷ್ಯವನ್ನು ಒಪ್ಪಲಾರೆ. ಗಾತ್ರ ಇಮ್ಮಡಿಗೂ ಮಿಕ್ಕಿದ ಅಣು ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ನಡೆಯಬೇಕೆಂದಿಲ್ಲ.