ಬೆಚ್ಚಗಿರಬೇಕಾದದ್ದು ಬ್ಯಾಟರಿ, ಮಾದರಿಯಲ್ಲ

ಪ್ರಶ್ನೆ: ಗುರುಗ್ರಹದ ಚಂದ್ರ ಯುರೋಪಾದ ಮೇಲಿರುವುದು ಮಂಜುಗಡ್ಡೆ ತಾನೇ? ಮಾದರಿ ತೆಗೆಯಲು ಅಲ್ಲಿಳಿಯುವ ನೌಕೆಯ ಸಲಿಕೆಗೆ ಒಂದು ಹೀಟರ್ ಕೂರಿಸಿ, ಕರಗಿಸಿ, ನೀರು ಹೀರಿಕೊಂಡರೆ ಆಯಿತಲ್ಲ. ಡ್ರಿಲ್ಲು, ಕವಾಟ ಇಷ್ಟೆಲ್ಲ ಯಾಕೆ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ.

ಅಲ್ಲಿನ ಬಯಲಲ್ಲಿ ಕರಗುವುದೇ ಇಲ್ಲ, ಸ್ವಾಮಿ. ಒತ್ತಡ 611 ಪಾಸ್ಕಲ್‌ಗಿಂತ ಕಡಿಮೆಯಿದ್ದರೆ ಶುದ್ಧ ನೀರು ದ್ರವವಾಗಿ ನಿಲ್ಲದು. ಯುರೋಪಾದ ನೆಲದ ಮೇಲಿರುವುದು ಹೆಚ್ಚುಕಡಿಮೆ ನಿರ್ವಾತ. ಬಿಸಿ ಮಾಡಿದರೆ ಮಂಜುಗಡ್ಡೆ ನೇರವಾಗಿ ಆವಿಯಾಗುತ್ತದೆ. ಬೇಗ ಹಾರುವ ಅನಿಲಗಳು ಮೊದಲೇ ಪರಾರಿ, ಉಪ್ಪು ಸಲಿಕೆಯಲ್ಲೇ ಬಾಕಿ, ಆವಿ ಹೋಗಿ ಕ್ಯಾಮೆರಾದ ಗಾಜಿನ ಮೇಲೋ ಕವಾಟದ ಅಂಚಿನಲ್ಲೋ ಮತ್ತೆ ಗಟ್ಟಿಯಾಗುತ್ತದೆ. ನೀವು ಅಳೆಯಲು ಹೋದ ವಸ್ತು ಅಳೆಯುವ ಮೊದಲೇ ಬೇರೆಯಾಗಿರುತ್ತದೆ.

ಹೀಟರ್ ಬೇಡವೆಂದರೂ ಶಾಖ ಬಿಡುವುದಿಲ್ಲ. ಡ್ರಿಲ್ ತಿರುಗಿದರೆ ಬಿಸಿ ಹುಟ್ಟುತ್ತದೆ. 100 ಕೆಲ್ವಿನ್‌ನಲ್ಲಿ (ಅಂದರೆ ಸುಮಾರು -173 ಡಿಗ್ರಿ ಸೆಲ್ಸಿಯಸ್‌ನಲ್ಲಿ) ಗಟ್ಟಿ ಮಂಜುಗಡ್ಡೆಯ ಉಷ್ಣವಾಹಕತೆ ಸೊನ್ನೆ ಡಿಗ್ರಿಯಲ್ಲಿರುವುದರ ಎರಡು ಪಟ್ಟಿಗೂ ಮೀರಿದ್ದು, ಆದ್ದರಿಂದ ಕುಳಿಯ ಗೋಡೆ ಶಾಖವನ್ನು ಬೇಗ ನುಂಗಿಬಿಡುತ್ತದೆ. ತೊಂದರೆ ಕೊಡುವುದು ಪುಡಿ. ಸಡಿಲ ಪುಡಿಯ ಕಣಗಳ ನಡುವೆ ಗಾಳಿಯೂ ಇಲ್ಲದಿರುವುದರಿಂದ ಶಾಖ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮತ್ತು ನಮಗೆ ಬೇಕಾದ ಮಾದರಿ ಆ ಪುಡಿಯೇ! ಅದಕ್ಕೇ ಸ್ವಲ್ಪ ಕೊರೆದು, ನಿಲ್ಲಿಸಿ, ತಣಿಯಲು ಬಿಟ್ಟು ಮತ್ತೆ ಕೊರೆಯುವುದು. ಉಪ್ಪಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅಡುಗೆ ಉಪ್ಪು ಬೆರೆತ ಮಂಜುಗಡ್ಡೆ -21 ಡಿಗ್ರಿಯಲ್ಲೇ ಪಸೆಯಾಗತೊಡಗುತ್ತದೆ, ಅಮೋನಿಯಾ ಬೆರೆತದ್ದು ಸುಮಾರು -97ರಲ್ಲಿ. ಡ್ರಿಲ್ ನಿಂತೊಡನೆ ಆ ಪಸೆ ಹೆಪ್ಪುಗಟ್ಟಿ ಡ್ರಿಲ್‌ನ ಮೊನೆ ಕುಳಿಯಲ್ಲೇ ಕಚ್ಚಿಕೊಳ್ಳುತ್ತದೆ.

ಇದು ಬರೀ ಲೆಕ್ಕಾಚಾರದ ಭಯವಲ್ಲ. 2008ರಲ್ಲಿ ಮಂಗಳದ ಮೇಲೆ ನಾಸಾದ ಫೀನಿಕ್ಸ್ ನೌಕೆ ಕೆರೆದು ತೆಗೆದ ಹಿಮಭರಿತ ಮಣ್ಣು ಸಲಿಕೆಗೆ ಅಂಟಿಕೊಂಡು, ಮಾದರಿ ಕಾಯಿಸಿ ಪರೀಕ್ಷಿಸುವ ಒಲೆಯೊಳಗೆ ಬೀಳಲು ಒಪ್ಪಲಿಲ್ಲ. ಕೊನೆಗೆ ನೀರಿನ ಆವಿ ತೋರಿಸಿದ್ದು ಸ್ವಲ್ಪ ಹೊತ್ತು ಬಯಲಲ್ಲಿದ್ದು ಒಣಗಿದ ಮಾದರಿ.

ಹಾಗಾದರೆ ಮಾಡುವುದೇನು? ಸಲಿಕೆ, ಕೊಳವೆ, ಬಟ್ಟಲು ಎಲ್ಲವೂ ನೆಲದಷ್ಟೇ ತಣ್ಣಗಿರಲಿ, ನೆರಳಿನಲ್ಲಿರಲಿ. ಬ್ಯಾಟರಿಯಿರುವ ಬೆಚ್ಚಗಿನ ಪೆಟ್ಟಿಗೆಗೂ ಸಲಿಕೆಯ ತೋಳಿಗೂ ನಡುವೆ, ಶಾಖ ಸುಲಭವಾಗಿ ದಾಟದಂತೆ, ಟೈಟಾನಿಯಂ ಅಥವಾ ಗಾಜಿನ ನಾರಿನ ಆಧಾರ ಕೊಡಿ. ಅಷ್ಟು ಮಾಡಿ ದಪ್ಪ ತಾಮ್ರದ ವೈರು ಎಳೆದರೆ ಎಲ್ಲ ವ್ಯರ್ಥ. ವಿದ್ಯಾರ್ಥಿಗಳ ವಿನ್ಯಾಸಗಳಲ್ಲಿ ನಾನು ಮೊದಲು ನೋಡುವುದೇ ವೈರುಗಳನ್ನು. ಬಟ್ಟಲಿನ ಮುಚ್ಚಳ ಬಿಗಿಯಾದ ಮೇಲೆ ಬೇಕಾದಷ್ಟು ಕಾಯಿಸಿ, ಯಾರು ಬೇಡವೆಂದರು?

ಶನಿಯ ಚಂದ್ರ ಟೈಟನ್ ಬೇರೆಯೇ ಲೋಕ. 2005ರಲ್ಲಿ ಅಲ್ಲಿಳಿದ ಹೈಗನ್ಸ್ ನೌಕೆಯ ಬಿಸಿ ಕೊಳವೆ ನೆಲವನ್ನು ಬೆಚ್ಚಗೆ ಮಾಡಿದಾಗ ಮೀಥೇನ್ ಎದ್ದು ಬಂತು, ಲಾಭವೇ ಆಯಿತು. ಅದನ್ನು ತಂದು ಯುರೋಪಾಕ್ಕೆ ಅಂಟಿಸಬೇಡಿ.

ಪ್ರಶ್ನೆ: ಟೈಟನ್ ಲ್ಯಾಂಡರ್‌ಗೆ ಶಾಖ ಸೋರದಂತೆ ಚಿನ್ನದ ಬಣ್ಣದ ಹಾಳೆ ಸುತ್ತಿದರೆ ಸಾಕೇ?

ಉತ್ತರ: ಆ ಪದರ ಪದರದ ಹೊದಿಕೆ ನಿರ್ವಾತದಲ್ಲಷ್ಟೇ ಕೆಲಸ ಮಾಡುತ್ತದೆ, ಟೈಟನ್‌ನಲ್ಲಿ ಗಾಳಿಯ ಒತ್ತಡ ಭೂಮಿಯ ಒಂದೂವರೆ ಪಟ್ಟು.

ಪ್ರಶ್ನೆ: ಪರಮಾಣು ಶಾಖದಿಂದ ಕರಗಿಸುತ್ತಾ ಒಂದೇ ತಿಂಗಳಲ್ಲಿ ಯುರೋಪಾದ ಮಂಜುಗಡ್ಡೆಯ ಕೆಳಗಿನ ಸಮುದ್ರ ಮುಟ್ಟಬಹುದೆಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ವಿಡಿಯೊ ಮಾಡಿದವರು ಭಾಗಾಕಾರ ಮಾಡಿಲ್ಲ. 30 ಸೆಂಟಿಮೀಟರ್ ಅಗಲದ ಕುಳಿ, 2000 ವ್ಯಾಟ್ ಶಾಖ, ಒಂದಿಷ್ಟೂ ಸೋರಿಕೆ ಇಲ್ಲವೆಂದರೂ ಮೀಟರಿಗೆ ಐದು ಗಂಟೆ ಮೇಲೆ. ಮಂಜುಗಡ್ಡೆ 20 ಕಿಲೋಮೀಟರ್ ದಪ್ಪವಿದ್ದರೆ ಹನ್ನೆರಡು ವರ್ಷ.

ಪ್ರಶ್ನೆ: ನನ್ನ ಡ್ರಿಲ್ ಫ್ರೀಜರ್‌ನ ಮಂಜುಗಡ್ಡೆಯಲ್ಲಿ ಚೆನ್ನಾಗಿ ಕೊರೆಯಿತು. ಮುಂದೇನು?

ಉತ್ತರ: ನಿರ್ವಾತ ಕೋಣೆಯಲ್ಲಿ, ದ್ರವ ಸಾರಜನಕದಿಂದ ತಣಿಸಿದ ಉಪ್ಪು ಮಂಜುಗಡ್ಡೆಯಲ್ಲಿ ಕೊರೆದು ನೋಡಿ, ಆಮೇಲೆ ಬರೆಯಿರಿ.