ಫೆರ್ರಿ ಹಿಡಿದು ದ್ವೀಪಕ್ಕೆ ಹೋಗುವ ಮೊದಲು ವಾಪಸ್ ದೋಣಿ ನೋಡಿ

ಬೆಳಗ್ಗೆ ಮನಸ್ಸು ಬಂದರೆ ಫೆರ್ರಿ ಹತ್ತಿ ಯಾವುದಾದರೂ ಪುಟ್ಟ ಹಳ್ಳಿ-ದ್ವೀಪಕ್ಕೆ ಹೋಗಿ ಸಂಜೆಗೆ ಮರಳಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ. ಆದರೆ ಲೆಕ್ಕವನ್ನು ವಾಪಸ್ ದೋಣಿಯಿಂದ ಹಿಂದಕ್ಕೆ ಹಾಕುತ್ತ ಬನ್ನಿ.

ಸಣ್ಣ ದ್ವೀಪದ ಫೆರ್ರಿ ಓಡುವುದು ಅಲ್ಲಿನವರ ಅನುಕೂಲಕ್ಕೆ. ಎಷ್ಟೋ ಕಡೆ ದೋಣಿ ರಾತ್ರಿ ತಂಗುವುದೂ ದ್ವೀಪದಲ್ಲೇ. ಅಂದರೆ ಸಂಜೆಯ ಕೊನೆಯ ಫೆರ್ರಿ ದ್ವೀಪಕ್ಕೆ ಹೋಗುವುದೇ ಹೊರತು ಅಲ್ಲಿಂದ ಬರುವುದಲ್ಲ. ಪಟ್ಟಿಯ ಎರಡು ಕಾಲಂಗಳನ್ನು ಅದಲುಬದಲು ಓದಿದವರು ಸಿಕ್ಕಿಬೀಳುವುದು ಇಲ್ಲಿಯೇ. ಕೆಳಗಿನ ಸಣ್ಣ ಅಕ್ಷರಗಳನ್ನೂ ಬಿಡಬೇಡಿ: 'ರಜಾದಿನ ಇಲ್ಲ', 'ಶಾಲೆ ಇದ್ದ ದಿನ ಮಾತ್ರ', 'ಮೊದಲೇ ತಿಳಿಸಿದರೆ ಮಾತ್ರ ನಿಲುಗಡೆ'. ಕೊನೆಯದಕ್ಕಿಂತ ಹಿಂದಿನ ಫೆರ್ರಿಯನ್ನೇ ನಿಮ್ಮದು ಎಂದುಕೊಳ್ಳಿ. ಹೋಗಿಬರುವ ಟಿಕೆಟ್ ಕೈಯಲ್ಲಿದ್ದರೂ ಕೆಲವು ಕಡೆ ಸೀಟು ಖಾತ್ರಿಯಿಲ್ಲ, ಹತ್ತುವಾಗಲೇ ಕೇಳಿ. ಕಾರು ಈಚೆ ದಡದಲ್ಲೇ ಇರಲಿ. ವಾಹನಗಳ ಸಾಲು ಬೇಗ ತುಂಬುತ್ತದೆ, ನಡೆದು ಹತ್ತುವವರಿಗೆ ಜಾಗ ಸಿಗುವುದು ಸುಲಭ.

ಫೆರ್ರಿ ರದ್ದಾಗುವುದು ಮಳೆಗಿಂತ ಹೆಚ್ಚಾಗಿ ಗಾಳಿಗೆ. ಗಂಟೆಗೆ 40 ಕಿ.ಮೀ. ದಾಟುವ ಮುನ್ಸೂಚನೆ ಇದ್ದರೆ ಸಣ್ಣ ದೋಣಿಯ ವಿಷಯದಲ್ಲಿ ಅನುಮಾನ ಇಟ್ಟುಕೊಳ್ಳಿ. ವೇಗದಷ್ಟೇ ದಿಕ್ಕೂ ಮುಖ್ಯ: ಗಾಳಿ ನೇರ ಜೆಟ್ಟಿಗೇ ಬಡಿಯುವಂತಿದ್ದರೆ ಸಮುದ್ರ ದಾಟಿದರೂ ದೋಣಿ ಕಟ್ಟಲಾಗುವುದಿಲ್ಲ. ನೀರಿನ ಸೆಳೆತಕ್ಕೆ ಗಾಳಿ ಎದುರಾದಾಗ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಬಿಸಿಲ ದಿನ ಮಧ್ಯಾಹ್ನದ ನಂತರ ಕಡಲಗಾಳಿ ಜೋರಾಗುವುದು ಸಾಮಾನ್ಯ. ಬೆಳಗಿನ ಶಾಂತ ನೀರನ್ನು ನೋಡಿ ಸಂಜೆಯದನ್ನು ಊಹಿಸಬೇಡಿ.

ಇಳಿತದಲ್ಲಿ ಆಳ ಸಾಲದ ಜೆಟ್ಟಿಗಳಿಗೆ ವೇಳಾಪಟ್ಟಿ ದಿನದಿನಕ್ಕೂ ಬದಲಾಗುತ್ತದೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ನಾಳೆ ಅದೇ ಉಬ್ಬರ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಮರಳ ಮೇಲೆ ಪಕ್ಕದ ನಡುಗಡ್ಡೆಗೆ ನಡೆಯುವ ಆಸೆಯಿದ್ದರೆ ಇದು ಇನ್ನೂ ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಬೇಗವೂ ಏರುತ್ತದೆ.

ಈಗ ನಡಿಗೆ. 10.30ಕ್ಕೆ ಇಳಿದು 4.30ಕ್ಕೆ ಹತ್ತುವುದಾದರೆ ಕೈಯಲ್ಲಿ ಆರು ಗಂಟೆ. ಜೆಟ್ಟಿಗೆ ಅರ್ಧ ಗಂಟೆ ಮೊದಲೇ ಬರುವುದು, ಊಟ, ವಿಶ್ರಾಂತಿ ಕಳೆದರೆ ಉಳಿಯುವುದು ನಾಲ್ಕೂವರೆ. ಸಮತಟ್ಟಾದ ದಾರಿಯ ಲೆಕ್ಕದಲ್ಲಿ 18 ಕಿ.ಮೀ. ಆಗಬಹುದು, ಆದರೆ ಕಲ್ಲುದಾರಿ, ಬೇಲಿ, ಕೆಸರು ಎಲ್ಲ ಸೇರಿ ನಾನಾದರೆ 12ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ನಕ್ಷೆಯಲ್ಲಿ 3 ಕಿ.ಮೀ. ಉದ್ದ, ಒಂದೂವರೆ ಅಗಲ ಕಾಣುವ ದ್ವೀಪದ ಸುತ್ತಳತೆಯೇ ಏಳು ದಾಟುತ್ತದೆ. ದಂಡೆ ಒಳಹೊರಗೆ ಬಾಗಿದಷ್ಟೂ ಇನ್ನೂ ಜಾಸ್ತಿ. ಸುತ್ತು ಹಾಕುವಾಗ ಅರ್ಧ ದಾರಿ ದಾಟಿದ ಮೇಲೆ ಹಿಂದಿರುಗಿದರೆ ಉಳಿತಾಯವಿಲ್ಲ, ಆದ್ದರಿಂದ ತೀರ್ಮಾನ ಅದಕ್ಕೆ ಮೊದಲೇ ಆಗಲಿ. ಹೊಲದ ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಿ. ತೆರೆದಿಟ್ಟಿರುವುದು ದನಕರು ನೀರಿಗೆ ಹೋಗಲೆಂದೂ ಇರಬಹುದು.

ಇರುವ ಒಂದೇ ಅಂಗಡಿ ಮುಚ್ಚಿರಬಹುದು, ಕಾರ್ಡ್ ಯಂತ್ರ ಕೈಕೊಡಬಹುದು. ತಲೆಗೆ ಎರಡು ಲೀಟರ್ ನೀರು, ಊಟ, ನಗದು, ಗಾಳಿ ತಡೆಯುವ ಜಾಕೆಟ್ ಇರಲಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಡೆಕ್ ಮೇಲೆ ತಂಗಾಳಿಯಲ್ಲಿ ಬಿಸಿಲು ಸುಡುವುದು ಗೊತ್ತೇ ಆಗುವುದಿಲ್ಲ. ವಾಕರಿಕೆ ಬರುವವರು ದೋಣಿಯ ನಡುಭಾಗದಲ್ಲಿ ಕೂತು ದಿಗಂತ ನೋಡಲಿ, ಫೋನನ್ನಲ್ಲ. ಮಾತ್ರೆ ನುಂಗುವುದಾದರೆ ಹತ್ತುವ ಮೊದಲೇ. ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಹೆಚ್ಚೇನೂ ಆಗದು.

ಹೊರಡುವ ಮುನ್ನ ಫೆರ್ರಿಯವರಿಗೆ ಒಮ್ಮೆ ಫೋನ್ ಮಾಡಿ, ಸಂಜೆಯ ದೋಣಿಯ ಬಗ್ಗೆಯೇ ಕೇಳಿ. ಆ ನಂಬರನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಮರುದಿನದ್ದೂ ಚೀಲದಲ್ಲಿರಲಿ.